ಸೈಕಲ್ ಪೆಟ್ಟಿಗೆ ಕಟ್ಟುವ ಮೊದಲು

ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಯಡ್ತರೆಯ ಕ್ಲಿನಿಕ್‌ಗೆ ಬಂದು ಕುಳಿತಿದ್ದೆ. ತಾಯಿಯೊಬ್ಬರು ಇಪ್ಪತ್ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದರು. ಕಾಯಿಲೆ ಏನು ಎಂದು ಕೇಳಿದರೆ ಮಗ ನಕ್ಕ, ತಾಯಿ ಅತ್ತರು. ಅವನು ತನ್ನ ಸೈಕಲನ್ನು ವಿಮಾನದಲ್ಲಿ ಮಸ್ಕತ್‌ಗೆ ಒಯ್ದು, ಅಲ್ಲಿಂದ ತುಳಿಯುತ್ತಾ ಎಮಿರೇಟ್ಸ್ ದಾಟಿ, ಮರುಭೂಮಿ ದಾಟಿ, ಮಕ್ಕಾ ತಲುಪಿ ಉಮ್ರಾ ಮಾಡಬೇಕೆಂದು ಹಠ ಹಿಡಿದಿದ್ದಾನಂತೆ. ‘ಡಾಕ್ಟ್ರೇ, ನೀವೇ ಹೇಳಿ, ಬೇಡ ಅಂತ’ ಎಂದರು ತಾಯಿ.

ನಾನು ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮೂರು ತಿಂಗಳು ಸಮಯ ಕೊಡಿ ಎಂದೆ. ಆ ಮೂರು ತಿಂಗಳಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಆಸೆ ಹೊತ್ತ ಮಗನೋ ತಮ್ಮನೋ ಇರಬಹುದು. ಈಗ ಹೆದ್ದಾರಿ 66ರ ಅಂಚಿನಲ್ಲಿ ನಿಂತರೆ, ಹಿಂದೆ ಮುಂದೆ ಚೀಲ ಕಟ್ಟಿಕೊಂಡು ಶಿರೂರಿನತ್ತಲೋ ಕುಂದಾಪುರದತ್ತಲೋ ಹೋಗುವ ಸೈಕಲ್ ಸವಾರರು ಕಾಣಿಸುತ್ತಾರೆ. ನೋಡಿದವರಿಗೂ ಆಸೆ ಹುಟ್ಟುವುದು ಸಹಜ.

ಆಸೆ ತಪ್ಪಲ್ಲ. ಆದರೆ ಬಂದವರೆಲ್ಲ ನಕ್ಷೆಯಿಂದ ಯೋಜನೆ ಶುರು ಮಾಡುತ್ತಾರೆ. ಅದು ಶುರುವಾಗಬೇಕಾದದ್ದು ಶರೀರದಿಂದ.

ಮೊದಲು ದಾರಿಯ ವಿಷಯವನ್ನೇ ಮುಗಿಸಿಬಿಡೋಣ, ಏಕೆಂದರೆ ಹುಡುಗರ ತಲೆಯಲ್ಲಿ ಇರುವುದು ಅದೇ. ಮಲಪ್ಪುರಂನ ಶಿಹಾಬ್ ಚೋಟೂರ್ 2022ರ ಜೂನ್‌ನಲ್ಲಿ ಹಜ್ಜ್‌ಗೆಂದು ಕಾಲ್ನಡಿಗೆಯಲ್ಲಿ ಹೊರಟು ನಮ್ಮ ಕರಾವಳಿಯ ಮೂಲಕವೇ ಹೋದದ್ದು ನಿಮಗೆ ನೆನಪಿರಬಹುದು. ಪಂಜಾಬಿನ ಗಡಿಯಲ್ಲಿ ಪಾಕಿಸ್ತಾನದ ವೀಸಾಕ್ಕಾಗಿ ಅವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಅದೇ ವರ್ಷ ಆಗಸ್ಟ್ 15ರಂದು ಕೋಝಿಕ್ಕೋಡ್‌ನ ಫಾಯಿಸ್ ಅಶ್ರಫ್ ಅಲಿ ತಿರುವನಂತಪುರದಿಂದ ಲಂಡನ್‌ಗೆ ಸೈಕಲ್ ಹತ್ತಿದರು. ಅವರು 2019ರಲ್ಲೇ ಸಿಂಗಪುರದವರೆಗೆ ತುಳಿದು ಅನುಭವ ಗಳಿಸಿದ್ದವರು. ಅವರಿಗೂ ಪಾಕಿಸ್ತಾನದ ದಾರಿ ತೆರೆಯಲಿಲ್ಲ. ಸೈಕಲನ್ನು ವಿಮಾನಕ್ಕೇರಿಸಿ ಒಮಾನ್‌ನಿಂದ ಮುಂದುವರಿದರು. ಈಗಂತೂ ಅಟ್ಟಾರಿ ಗಡಿಯನ್ನು 2025ರ ಏಪ್ರಿಲ್‌ನಲ್ಲಿ ಮುಚ್ಚಲಾಗಿದೆ. ಹಾಗಾಗಿ ಪಶ್ಚಿಮಕ್ಕೆ ಹೋಗುವ ಕನ್ನಡ ನಾಡಿನ ಸವಾರನಿಗೆ ಮೊದಲ ಮೆಟ್ಟಿಲು ವಿಮಾನವೇ. ಸೈಕಲನ್ನು ಪೆಟ್ಟಿಗೆಯಲ್ಲಿ ಕಟ್ಟುವುದು ಅನಿವಾರ್ಯ.

ನಮ್ಮ ಹುಡುಗನ ನಕ್ಷೆಯಲ್ಲಿ ಮಸ್ಕತ್‌ನಿಂದ ದುಬೈಗೆ ಸುಮಾರು 450 ಕಿಲೋಮೀಟರ್ ಇತ್ತು. ಅಷ್ಟು ಸರಿ. ಅಲ್ಲಿಂದ ಮಕ್ಕಾಕ್ಕೆ ಇನ್ನೂ ಎರಡು ಸಾವಿರದಷ್ಟು. ನಡುವೆ ನೆರಳೂ ನೀರೂ ಇಲ್ಲದ, ಲಾರಿಗಳು ಮಾತ್ರ ಹಾರುವ ಉದ್ದದ ರಸ್ತೆ. ದುಬೈ ನಗರದಲ್ಲಿ ಸೈಕಲಿಗೆ ಹೆಲ್ಮೆಟ್ ಕಡ್ಡಾಯ, ವೇಗದ ವಾಹನಗಳ ದೊಡ್ಡ ರಸ್ತೆಗಳಲ್ಲಿ ಸೈಕಲಿಗೆ ಪ್ರವೇಶವಿಲ್ಲ. ಇದೆಲ್ಲ ಅವನಿಗೆ ಗೊತ್ತಿರಲಿಲ್ಲ. ವೀಡಿಯೊದಲ್ಲಿ ಯಾರೋ ಹೋಗಿದ್ದರು, ಅಷ್ಟೇ.

‘ಡಾಕ್ಟ್ರೇ, ಕಷ್ಟಪಟ್ಟು ಹೋದರೆ ಪ್ರತಿಫಲ ಜಾಸ್ತಿಯಲ್ಲವಾ?’ ಎಂದು ಕೇಳಿದ. ಆಗ ನಾನು ಅವನಿಗೆ ನೆನಪಿಸಿದ್ದು ನಿಮಗೂ ಗೊತ್ತಿರುವ ಆ ಹದೀಸನ್ನು. ವೃದ್ಧರೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳ ಹೆಗಲಿಗೆ ಜೋತುಬಿದ್ದು ಕಾಲೆಳೆದುಕೊಂಡು ಹೋಗುತ್ತಿದ್ದರು. ಕಅಬಾಕ್ಕೆ ನಡೆದೇ ಹೋಗುವುದಾಗಿ ಹರಕೆ ಹೊತ್ತಿದ್ದರಂತೆ. ಪ್ರವಾದಿವರ್ಯರು(ಸ) ಅದನ್ನು ಮೆಚ್ಚಲಿಲ್ಲ. ಈತ ತನ್ನನ್ನು ಹೀಗೆ ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಿಲ್ಲವೆಂದು ತಿಳಿಸಿ, ವಾಹನವೇರಿ ಹೋಗಲು ಆಜ್ಞಾಪಿಸಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಕೊನೆಗೆ ಯೋಜನೆ ಹೀಗೆ ಕುಗ್ಗಿತು: ಮಸ್ಕತ್‌ನಿಂದ ಸೊಹಾರ್ ಕಡೆಗೆ ಕಡಲತೀರದ ರಸ್ತೆ, ಹತ್ತು ದಿನ, ದಿನಕ್ಕೆ 40-50 ಕಿಲೋಮೀಟರ್, ನಡುವೆ ಎರಡು ದಿನ ಬಿಡುವು. ಅಲ್ಲಿರುವ ಮಾವನ ಮನೆಯಲ್ಲಿ ಸೈಕಲ್ ಬಿಟ್ಟು, ಸರಿಯಾದ ವೀಸಾದಲ್ಲಿ ವಿಮಾನದಲ್ಲಿ ಉಮ್ರಾ. ರಮಝಾನ್‌ಗೆ ಮೊದಲು ಮನೆಗೆ ವಾಪಸ್. ಕುಗ್ಗಿದ್ದರಿಂದಲೇ ಅದು ಮೊದಲ ಬಾರಿಗೆ ಯೋಜನೆಯಂತೆ ಕಂಡಿತು.

ತಾಯಿಯ ಭಯ

ತಾಯಿ ಹೆದರಿದ್ದು ಸೈಕಲಿಗಲ್ಲ. ಅವರ ಗಂಡ ಗಲ್ಫ್‌ನಲ್ಲಿ ದುಡಿಯುತ್ತಿದ್ದವರು. 47ನೆಯ ವಯಸ್ಸಿನಲ್ಲಿ ಒಂದು ರಾತ್ರಿ ರೂಮಿನಲ್ಲಿ ಮಲಗಿದವರು ಫಜ್ರ್‌ಗೆ ಏಳಲಿಲ್ಲ. ಹೃದಯಾಘಾತ. ಈ ಮಾತು ಹೊರಬಂದದ್ದು ನಾನು ಮೂರನೆಯ ಬಾರಿ ಕೇಳಿದಾಗ. ಇಂಥ ಮನೆಗಳು ನಮ್ಮ ಶಿರೂರು, ಗಂಗೊಳ್ಳಿ, ಭಟ್ಕಳದ ಕಡೆ ಎಷ್ಟಿವೆ ಎಂಬುದು ನಿಮಗೇ ಗೊತ್ತು. ನಾವು ಅದನ್ನು ವಿಧಿ ಎಂದು ಒಪ್ಪಿಕೊಳ್ಳುತ್ತೇವೆ, ಒಪ್ಪಿಕೊಳ್ಳಬೇಕು ಕೂಡ. ಆದರೆ ತಂದೆಗೋ ಅಣ್ಣನಿಗೋ 55 ವರ್ಷಕ್ಕೆ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಅದು ಮಕ್ಕಳ ಬಗ್ಗೆ ವೈದ್ಯರಿಗೆ ಸಿಗುವ ಎಚ್ಚರಿಕೆಯೂ ಹೌದು. ತಾಯಿಗೂ ಅಷ್ಟೇ, 65ಕ್ಕೆ ಮೊದಲು ಬಂದಿದ್ದರೆ. ದಯವಿಟ್ಟು ವೈದ್ಯರ ಮುಂದೆ ಇದನ್ನು ಮುಚ್ಚಿಡಬೇಡಿ.

ನಾನು ಯುನಾನಿ ವೈದ್ಯ. ನಾಡಿ ಹಿಡಿದು ಮಿಝಾಜ್ ತಿಳಿಯುವುದನ್ನು ಕಲಿತವನು. ಆದರೂ ಹೇಳುತ್ತೇನೆ: ನಾಡಿ ಹಿಡಿದು ಹೃದಯದ ರಕ್ತನಾಳದೊಳಗೆ ಇಣುಕಲು ನನ್ನಿಂದಾಗದು. ಹುಡುಗನಿಗೆ ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ಬರೆದುಕೊಟ್ಟೆ. ಒತ್ತಡ, ಸಕ್ಕರೆ, ಇಸಿಜಿ ಚೆನ್ನಾಗಿದ್ದವು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 178. ತೆಳ್ಳಗಿನ, ಬೀಡಿ ಸಿಗರೇಟು ಮುಟ್ಟದ ಹುಡುಗ! ಹೃದಯತಜ್ಞರ ಬಳಿ ಕಳಿಸಿದೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ತಜ್ಞರು ಮಾತ್ರೆ ಶುರು ಮಾಡಿದರು, ಮೂರು ತಿಂಗಳ ನಂತರ ಮತ್ತೆ ರಕ್ತ ನೋಡಬೇಕು ಎಂದರು, ಮಿತವಾದ ವೇಗದಲ್ಲಿ ಸೈಕಲ್ ತುಳಿಯಲು ಅನುಮತಿಸಿದರು. ಸೈಕಲ್ ಪ್ರವಾಸದ ಹುಚ್ಚು ಹಿಡಿಯದೆ ಇದ್ದಿದ್ದರೆ ಈ 178 ಬಹುಶಃ ನಲವತ್ತರವರೆಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈ ಮಾತನ್ನು ತಾಯಿಗೆ ಹೇಳಿದೆ. ಅವರು ಆ ದಿನದಿಂದ ‘ಬೇಡ’ ಎನ್ನುವುದನ್ನು ನಿಲ್ಲಿಸಿದರು.

ಮೂವತ್ತೈದು ದಾಟಿದವರು, ಸಕ್ಕರೆ ಅಥವಾ ಒತ್ತಡ ಇರುವವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು, ಹಿಂದೆಂದಾದರೂ ಎಚ್ಚರ ತಪ್ಪಿ ಬಿದ್ದವರು ಈ ಪರೀಕ್ಷೆಗಳಿಲ್ಲದೆ ಹೊರಡಲೇಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ತುಳಿಯುವ ದಿನ ಎಷ್ಟು ಕಡಿಮೆ ಮಾಡಬೇಕೆಂದು ಮೊದಲೇ ತಮ್ಮ ವೈದ್ಯರಿಂದ ಬರೆಸಿಕೊಳ್ಳಬೇಕು.

ನಿಮ್ಮದೇ ಸೈಕಲ್ ಏಕೆ

ಮಸ್ಕತ್‌ನ ಮಾವ ಉದಾರಿ. ‘ಅಷ್ಟು ದೂರದಿಂದ ಹಳೆ ಸೈಕಲ್ ಯಾಕೆ ಹೊತ್ತು ತರುತ್ತೀಯ, ಇಲ್ಲೇ ಹೊಸತು ಕೊಡಿಸುತ್ತೇನೆ’ ಎಂದರಂತೆ. ನಾನು ಬೇಡ ಎಂದೆ. ಹೊಸ ಚಪ್ಪಲಿ ಹಾಕಿಕೊಂಡು ಯಾರೂ ತವಾಫ್‌ಗೆ ಹೋಗುವುದಿಲ್ಲ, ಕಾಲು ಕಚ್ಚುತ್ತದೆ. ಸೈಕಲೂ ಹಾಗೆಯೇ. ಸವಾರನ ಶರೀರ ಸೈಕಲನ್ನು ಮುಟ್ಟುವುದು ಐದೇ ಜಾಗದಲ್ಲಿ: ಎರಡು ಅಂಗೈ, ಎರಡು ಪಾದ, ಒಂದು ಆಸನ. ದಿನಕ್ಕೆ ಐದಾರು ಗಂಟೆ ಕುಳಿತಾಗ ಕಾಲು ಇಂಚಿನ ವ್ಯತ್ಯಾಸವೂ ಮೂರನೆಯ ದಿನ ನೋವಾಗಿ ಮಾತಾಡುತ್ತದೆ. ತಿಂಗಳುಗಟ್ಟಲೆ ನಿಮ್ಮ ಸೊಂಟ, ಮಂಡಿ, ಮಣಿಕಟ್ಟು ಒಗ್ಗಿಕೊಂಡಿರುವ ಸೈಕಲ್ ಸಾಧಾರಣದ್ದಾದರೂ ಸರಿ, ಅದೇ ಉತ್ತಮ. ಒಂದು ವೇಳೆ ಅಲ್ಲೇ ಕೊಳ್ಳಬೇಕಾಗಿ ಬಂದರೆ ನಿಮ್ಮ ಸೀಟು ಮತ್ತು ಪೆಡಲನ್ನಾದರೂ ಬಿಚ್ಚಿ ತೆಗೆದುಕೊಂಡು ಹೋಗಿ.

ಅಳತೆ ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ. ಕಾಲು ಪೂರ್ತಿ ನೇರವಾಗಬೇಕು, ಸೊಂಟ ವಾಲಬಾರದು. ಮುಂಗಾಲಿನಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಅಂಚಿನಲ್ಲಿ ನರ ಒತ್ತುತ್ತಿದೆ ಎಂದರ್ಥ. ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಇನ್ನೊಂದು ಜೋಮು ಇದೆ, ಹುಡುಗರು ನಾಚಿಕೆಯಿಂದ ಹೇಳುವುದಿಲ್ಲ. ತೊಡೆ ಸಂದಿಯಲ್ಲಿ, ಗುಪ್ತಾಂಗದಲ್ಲಿ ಸ್ಪರ್ಶ ಮರಗಟ್ಟಿದರೆ ಆ ಕ್ಷಣವೇ ಇಳಿಯಿರಿ. ಸೀಟಿನ ಮೂತಿ ಮೇಲೆ ಎತ್ತಿಕೊಂಡಿರುತ್ತದೆ, ಸಮ ಮಾಡಿ. ಮೆತ್ತನೆಯ ದಪ್ಪ ಸ್ಪಂಜಿನ ಸೀಟು ಇದಕ್ಕೆ ಪರಿಹಾರವಲ್ಲ, ಅದು ಒತ್ತಡವನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಇದನ್ನು ಅಲಕ್ಷಿಸಿ ವಾರಗಟ್ಟಲೆ ತುಳಿದು, ಆಮೇಲೆ ಗುಟ್ಟಾಗಿ ‘ಶಕ್ತಿ ಮದ್ದು’ ಕೇಳಿಕೊಂಡು ಬರುವವರು ಇದ್ದಾರೆ. ಅವರಿಗೆ ಬೇಕಾದದ್ದು ಮದ್ದಲ್ಲ, ಒಂದು ಸ್ಪ್ಯಾನರ್.

ಅಭ್ಯಾಸಕ್ಕೆ ನಮ್ಮ ಊರಿನಂಥ ಜಾಗ ಇನ್ನೊಂದಿಲ್ಲ. ಹೆದ್ದಾರಿಯಲ್ಲಿ ಒತ್ತಿನೆಣೆಯ ಏರು ಇದೆ, ಮರವಂತೆಯಲ್ಲಿ ಕಡಲ ಗಾಳಿ ಬದಿಯಿಂದ ತಳ್ಳುತ್ತದೆ, ಯಡ್ತರೆಯಿಂದ ಒಳಕ್ಕೆ ತಿರುಗಿದರೆ ಕೊಲ್ಲೂರಿನವರೆಗೆ ಕಾಡಿನ ನೆರಳು. ಧೈರ್ಯವಿದ್ದವರಿಗೆ ಅದರಾಚೆ ನಾಗೋಡಿ ಘಾಟಿ. ಮೊದಲ ವಾರ ದಿನ ಬಿಟ್ಟು ದಿನ 15 ಕಿಲೋಮೀಟರ್ ಸಾಕು. ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸಬೇಡಿ. ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಲಿ, ಭಾರ ಗೇರಿನಲ್ಲಿ ತಿಣುಕಿದರೆ ಮಂಡಿ ಸವೆಯುತ್ತದೆ. ತುಳಿಯುತ್ತಲೇ ಪಕ್ಕದವರೊಂದಿಗೆ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ.

ನಮ್ಮ ಹುಡುಗ ಒಂದು ಭಾನುವಾರ 90 ಕಿಲೋಮೀಟರ್ ಹೊಡೆದು ಬಂದು ಎದೆಯುಬ್ಬಿಸಿ ನಿಂತ. ಸೋಮವಾರ ಹೋದೆಯಾ ಎಂದೆ. ಇಲ್ಲ, ಏಳಲಿಕ್ಕೇ ಆಗಲಿಲ್ಲವಂತೆ. ಹಾಗಾದರೆ ಆ 90 ಲೆಕ್ಕಕ್ಕಿಲ್ಲ. ಪ್ರವಾಸದ ಪರೀಕ್ಷೆ ಇರುವುದು ಎರಡನೆಯ ಮತ್ತು ಮೂರನೆಯ ದಿನದಲ್ಲಿ. ಹೊರಡುವ ಮೊದಲು ಒಮ್ಮೆಯಾದರೂ ಪೂರ್ತಿ ಸಾಮಾನು ಹೇರಿ, ಬೇಡವೆಂದರೆ ಅಷ್ಟೇ ತೂಕದ ಅಕ್ಕಿ ಕಟ್ಟಿಕೊಂಡು, ಮೂರು ದಿನ ಸತತವಾಗಿ 45 ಕಿಲೋಮೀಟರ್ ತುಳಿಯಿರಿ. ಮೂರನೆಯ ದಿನ ಸಂಜೆ ಚೆನ್ನಾಗಿ ಹಸಿವಾಗಿ, ಇಶಾ ನಂತರ ಒಳ್ಳೆಯ ನಿದ್ರೆ ಬಂದರೆ ನೀವು ತಯಾರು. ಹಸಿವು ಸತ್ತು ನಿದ್ರೆ ಕೆಟ್ಟರೆ ದೇಹ ಸಾಲದಲ್ಲಿದೆ. ಯುನಾನಿಯಲ್ಲಿ ನಾವು ಕಲಿಯುವ ಆರು ಅಗತ್ಯ ಕಾರಣಗಳಲ್ಲಿ ಚಲನೆ-ವಿಶ್ರಾಂತಿ, ನಿದ್ರೆ-ಎಚ್ಚರ ಎರಡೂ ಜೋಡಿಯಾಗಿಯೇ ಬರುತ್ತವೆ. ಹುಡುಗರು ಜೋಡಿಯ ಅರ್ಧವನ್ನು ಮಾತ್ರ ಓದುತ್ತಾರೆ.

ನೀರು, ಉಪ್ಪು, ಬಿಸಿಲು

ಒಮಾನ್ ಕರಾವಳಿಗೆ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಹೋಗಬೇಕು. ಮಸ್ಕತ್‌ನಲ್ಲಿ ಜನವರಿಯ ಹಗಲು ನಮ್ಮ ಜನವರಿಯ ಹಗಲಿಗಿಂತಲೂ ತಂಪು. ಬೇಸಿಗೆಯಲ್ಲಿ ಅದೇ ರಸ್ತೆ ಕಾವಲಿ. 1923ರ ಅಕ್ಟೋಬರ್‌ನಲ್ಲಿ ಮುಂಬೈಯ ಆರು ಪಾರ್ಸಿ ತರುಣರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟರು. ಇರಾನ್, ಇರಾಕ್‌ಗಳ ಮರುಭೂಮಿ ದಾಟಿದವರು ಅವರು. 1928ರ ಮಾರ್ಚ್‌ನಲ್ಲಿ ಸುತ್ತು ಮುಗಿಸಿ ಮರಳಿದವರು ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಮೂವರೇ. ಮೂವರೂ ವ್ಯಾಯಾಮ ಶಾಲೆಯಲ್ಲಿ ಪಳಗಿದ ದೇಹದವರು ಎಂಬುದನ್ನು ಮರೆಯಬಾರದು.

ತಂಪು ಕಾಲದಲ್ಲೂ ತುಳಿಯುವವನು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಬೆವರುತ್ತಾನೆ. ಒಣ ಗಾಳಿಯಲ್ಲಿ ಬೆವರು ಆರಿಹೋಗುವುದರಿಂದ ನಮ್ಮೂರಿನ ಹಾಗೆ ಅಂಗಿ ಒದ್ದೆಯಾಗುವುದಿಲ್ಲ, ಬೆವರಿಲ್ಲ ಎಂದು ಮೋಸ ಹೋಗುತ್ತೇವೆ. ಬಾಯಾರಿಕೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿಯಿರಿ. ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಉಪ್ಪು ತಗ್ಗಿ ತಲೆನೋವು, ವಾಂತಿ, ಮಂಪರು ಬರುತ್ತದೆ. ಒಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅರ್ಧ ಗಂಟೆಗೊಮ್ಮೆ ಎರಡು ಮೂರು ಖರ್ಜೂರ. ಮೂತ್ರ ತಿಳಿ ಹಳದಿ ಇರಬೇಕು, ಕಡು ಹಳದಿಯಾದರೆ ನೀರು ಸಾಲದು. ಕಟ್ಟು ಚಹಾದ ಬಣ್ಣಕ್ಕೆ ತಿರುಗಿ ಸ್ನಾಯುಗಳು ಕಲ್ಲಾದರೆ ಅದು ಆಸ್ಪತ್ರೆಯ ವಿಷಯ, ತಡಮಾಡಬಾರದು. ಕೊಲೆಸ್ಟರಾಲ್ ಮಾತ್ರೆ ತಿನ್ನುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ.

ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದ ಮೊದಲ ಭಾಗದಲ್ಲೇ ಪ್ರಯಾಣಿಕರಿಗಾಗಿ ಅಧ್ಯಾಯಗಳನ್ನು ಬರೆದಿದ್ದಾರೆ. ಬಿಸಿಗಾಳಿಗೆ ಬಾಯಿ ಮೂಗು ಮುಚ್ಚಿಕೊಳ್ಳುವುದು, ಬಾಯಾರಿ ಬಂದಾಗ ತಣ್ಣೀರನ್ನು ಗಟಗಟ ಇಳಿಸದೆ ಬಾಯಿ ಮುಕ್ಕಳಿಸಿ ಸ್ವಲ್ಪ ಸ್ವಲ್ಪವೇ ಕುಡಿಯುವುದು, ಊರೂರಿನ ನೀರು ಬದಲಾದಾಗ ಕಾಯಿಸಿ ಕುಡಿಯುವುದು ಎಲ್ಲ ಅಲ್ಲಿದೆ. ಮಜ್ಜಿಗೆಯಲ್ಲಿ ನೆನೆಸಿದ ಈರುಳ್ಳಿಯ ಪ್ರಸ್ತಾಪವೂ ಇದೆ. ನಮ್ಮ ಅಜ್ಜಿಯಂದಿರು ಅದನ್ನು ಓದದೆಯೇ ಮಾಡುತ್ತಿದ್ದರು. ಒಮಾನ್‌ನ ಅಂಗಡಿಗಳಲ್ಲಿ ಲಬನ್ ಎಂದರೆ ಮಜ್ಜಿಗೆಯೇ. ಚಿಟಿಕೆ ಉಪ್ಪು ಹಾಕಿ ಕುಡಿಯಿರಿ, ಬಣ್ಣದ ಎನರ್ಜಿ ಡ್ರಿಂಕ್‌ಗಳನ್ನು ಬಿಟ್ಟುಬಿಡಿ.

ಸವಾರ ತಡಬಡಿಸಿ ಮಾತಾಡತೊಡಗಿದರೆ, ಮೈ ಬೆಂಕಿಯಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಆಂಬುಲೆನ್ಸ್ ಕರೆಯಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಒಮಾನ್‌ನಲ್ಲಿ ತುರ್ತು ಸಂಖ್ಯೆ 9999, ಎಮಿರೇಟ್ಸ್‌ನಲ್ಲಿ ಆಂಬುಲೆನ್ಸ್ 998, ಸೌದಿಯಲ್ಲಿ 997. ಮೊಬೈಲ್ ಚಾರ್ಜ್ ಮುಗಿಯಬಹುದು, ಸೈಕಲಿನ ಚೌಕಟ್ಟಿಗೆ ಬರೆದು ಅಂಟಿಸಿ.

ಫಜ್ರ್ ಮುಗಿಸಿ ಬೆಳಕಾದ ಕೂಡಲೇ ಹೊರಟು ಹನ್ನೊಂದಕ್ಕೆ ನಿಲ್ಲಿಸಿ. ಮಧ್ಯಾಹ್ನ ಮಸೀದಿಯ ನೆರಳಿನಲ್ಲಿ ಝುಹರ್, ಊಟ, ಕೈಲೂಲಾ ನಿದ್ರೆ. ಮತ್ತೆ ಮೂರರಿಂದ ಐದರವರೆಗೆ. ಪ್ರಯಾಣಿಕನಿಗೆ ನಮಾಝ್‌ನಲ್ಲಿರುವ ರಿಯಾಯಿತಿಗಳ ವಿವರವನ್ನು ಹೊರಡುವ ಮೊದಲೇ ನಿಮ್ಮ ಉಸ್ತಾದರಿಂದ ಕೇಳಿ ತಿಳಿದಿರಿ. ಮಗ್ರಿಬ್ ನಂತರ ಯಾವ ಕಾರಣಕ್ಕೂ ರಸ್ತೆಯಲ್ಲಿ ಇರಬೇಡಿ.

ಶುಚಿತ್ವದ ಸಣ್ಣ ಸಂಗತಿಗಳು

ಪ್ರವಾಸ ನಿಲ್ಲುವುದು ಹೆಚ್ಚಾಗಿ ದೊಡ್ಡ ಕಾಯಿಲೆಯಿಂದಲ್ಲ, ಒಂದು ಕುರುವಿನಿಂದ. ಕುಳಿತ ಜಾಗದಲ್ಲಿ ಬೆವರು, ಉಜ್ಜಾಟ, ಕೊಳೆ ಮೂರೂ ಸೇರಿದರೆ ಚರ್ಮ ಒಡೆಯುತ್ತದೆ. ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಬ್ಲೇಡು. ಎರಡು ಚಡ್ಡಿ ಇರಲಿ. ಒಂದನ್ನು ಸಂಜೆ ಒಗೆದು ಒಣಗಿಸಿ, ಒದ್ದೆಯದನ್ನು ಹಾಕಲೇಬೇಡಿ. ಔರತ್ ಮುಚ್ಚಲು, ನಮಾಝ್‌ಗೆ ನಿಲ್ಲಲು ಅದರ ಮೇಲೆ ಸಡಿಲ ಪೈಜಾಮ ಹಾಕಿ, ಇಲ್ಲವೇ ಒಂದು ಲುಂಗಿ ಇಟ್ಟುಕೊಳ್ಳಿ. ಬಟ್ಟೆ ಬದಲಿಸಲು, ಹೊದೆಯಲು, ನೆರಳು ಕಟ್ಟಲು ಲುಂಗಿಯಷ್ಟು ಉಪಕಾರಿ ಬೇರೆ ಯಾವುದೂ ಇಲ್ಲ. ಗುಪ್ತ ಭಾಗದ ರೋಮ ತೆಗೆಯುವುದು ಸುನ್ನತ್. ಆದರೆ ಹೊರಡುವ ಹಿಂದಿನ ದಿನ ಬ್ಲೇಡು ಹಾಕಿದರೆ ರೋಮದ ಬುಡಗಳು ಕೀವುಗುಳ್ಳೆಗಳಾಗುತ್ತವೆ. ಒಂದು ವಾರ ಮೊದಲೇ ಮುಗಿಸಿ. ಇಸ್ತಿಂಜಾಕ್ಕೆ ಚಿಕ್ಕ ಬಾಟಲಿ ಬೇರೆ ಇರಲಿ, ಕುಡಿಯುವ ಬಾಟಲಿಯ ಜೊತೆ ಬೆರೆಯಬಾರದು. ತೊಳೆದ ಮೇಲೆ ಒರೆಸಿ ಒಣಗಿಸುವುದನ್ನೂ ಮರೆಯಬೇಡಿ.

ವುಝೂ ಮಾಡಿ ಒದ್ದೆ ಕಾಲಿಗೇ ಸಾಕ್ಸ್ ಎಳೆದುಕೊಳ್ಳುವುದು ನಮ್ಮವರ ದೊಡ್ಡ ತಪ್ಪು. ದಿನಕ್ಕೆ ಐದು ಸಲ ಹೀಗೆ ಮಾಡಿದರೆ ಬೆರಳ ಸಂದಿ ಬಿಳಿಚಿ, ಬಿರಿದು, ತುರಿಕೆ ಹಿಡಿಯುತ್ತದೆ. ಸಕ್ಕರೆ ಇರುವವರಿಗೆ ಅದು ಕಾಲಿಗೇ ಅಪಾಯ. ಕಾಲಿಗೆಂದೇ ಒಂದು ತುಂಡು ಟವೆಲ್ ಇಟ್ಟುಕೊಂಡು ಬೆರಳ ಸಂದಿಗಳನ್ನು ಒರೆಸಿ.

ನಾಯಿಗಳು ಸೈಕಲನ್ನು ಅಟ್ಟಿಸಿಕೊಂಡು ಬರುವುದು ಎಲ್ಲ ದೇಶದಲ್ಲೂ ಒಂದೇ. ಓಡಿಸಿ ಗೆಲ್ಲಲಾಗದು. ಇಳಿದು ಸೈಕಲನ್ನು ನಡುವೆ ಹಿಡಿದು ನಿಲ್ಲಿ. ಕಚ್ಚಿದರೆ, ಗೀರಿದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆ ಹಾಕಿಸಬೇಕು. ಶಾಫಿಈ ಮದ್‌ಹಬಿನ ನಮಗೆ ನಾಯಿಯ ಜೊಲ್ಲಿನ ನಜೀಸನ್ನು ಮಣ್ಣು ಸೇರಿಸಿ ಏಳು ಬಾರಿ ತೊಳೆಯುವ ನಿಯಮ ಗೊತ್ತು. ಬಟ್ಟೆ, ಪಾತ್ರೆಗೆ ಹಾಗೆಯೇ ಮಾಡಿ. ತೆರೆದ ಗಾಯಕ್ಕೆ ಮಾತ್ರ ಮಣ್ಣು ಹಚ್ಚಬೇಡಿ, ಧನುರ್ವಾಯುವಿಗೆ ದಾರಿಯಾಗುತ್ತದೆ. ಗಾಯದ ವಿಷಯದಲ್ಲಿ ಏನು ಮಾಡಬೇಕೆಂದು ಮೊದಲೇ ನಿಮ್ಮ ಉಲಮಾರಲ್ಲಿ ಕೇಳಿಕೊಳ್ಳಿ. ಧನುರ್ವಾಯು, ಟೈಫಾಯ್ಡ್ ಲಸಿಕೆಗಳನ್ನು ಊರಲ್ಲೇ ಮುಗಿಸಿ. ಉಮ್ರಾ ಇದ್ದರೆ ಮೆನಿಂಜೈಟಿಸ್ ಲಸಿಕೆ ಸೌದಿ ತಲುಪುವ ಕನಿಷ್ಠ 10 ದಿನ ಮೊದಲು ಆಗಿರಬೇಕು, ಪ್ರಮಾಣಪತ್ರ ಕೈಯಲ್ಲಿರಬೇಕು.

ಔಷಧ ಚೀಲದ ಎಚ್ಚರಿಕೆ

ಇದನ್ನು ನನ್ನ ಪದ್ಧತಿಯ ಬಗ್ಗೆಯೇ ಕಟುವಾಗಿ ಹೇಳಬೇಕಾಗಿದೆ. ಗಸಗಸೆ ನಮಗೆ ಪಾಯಸದ ಸಾಮಾನು. ಗಲ್ಫ್ ದೇಶಗಳಲ್ಲಿ ಅದು ನಿಷಿದ್ಧ ವಸ್ತು, ಜೈಲಿನ ದಾರಿ. ಯುನಾನಿಯ ಖಮೀರಾ ಖಷ್‌ಖಾಷ್, ಶರ್ಬತ್ ಖಷ್‌ಖಾಷ್ ಗಸಗಸೆಯವು. ಬರ್ಶಾಶಾದಲ್ಲಿ ಅಫೀಮು, ಮಾಜೂನ್ ಫಲಕ್ ಸೈರ್‌ನಲ್ಲಿ ಭಂಗಿ ಇದೆ. ನೆಗಡಿಗೆ, ನಿದ್ರೆಗೆ, ಹೊಟ್ಟೆಗೆ ಎಂದು ಇವನ್ನು ಒಯ್ಯಲೇಬೇಡಿ. ಲೋಹದ ಕುಶ್ತಾಗಳೂ ಬೇಡ. ಕಾಗದದಲ್ಲಿ ಕಟ್ಟಿದ ಯಾವ ಸಫೂಫ್, ಪುಡಿಯೂ ಬೇಡ. ಅಲ್ಲಿನ ಅಧಿಕಾರಿಗೆ ಅದು ತ್ರಿಫಲವೋ ಮತ್ತೊಂದೋ ಹೇಗೆ ಗೊತ್ತಾಗಬೇಕು? ಅಲೋಪತಿಯಲ್ಲೂ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ರೆ ಮಾತ್ರೆಗಳಿಗೆ ಕಟ್ಟುನಿಟ್ಟು ಇದೆ. ದಿನನಿತ್ಯದ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಇಂಗ್ಲಿಷ್ ಚೀಟಿ ಮತ್ತು ಬಿಲ್ಲಿನೊಂದಿಗೆ ಕೈಚೀಲದಲ್ಲಿ ಇಡಿ. ನಾನು ಹುಡುಗನಿಗೆ ಕಟ್ಟಿಕೊಟ್ಟದ್ದು ಕಂಪೆನಿ ಮುದ್ರೆಯ ಇಸಬ್‌ಗೋಲ್, ಒಆರ್‌ಎಸ್, ಪ್ಯಾರಾಸಿಟಮಾಲ್, ಗಾಯದ ಮುಲಾಮು, ಬ್ಯಾಂಡೇಜು, ಮಾಲೀಶಿಗೆ ಸಣ್ಣ ಬಾಟಲಿ ಎಣ್ಣೆ. ಅಷ್ಟೇ.

ಇನ್ನೊಂದು ಮಾತು, ನಮ್ಮ ಕರಾವಳಿಯ ಮನೆಗಳಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಸೈಕಲ್ ಪೆಟ್ಟಿಗೆ ದೊಡ್ಡದು. ಅದನ್ನು ಕಂಡ ಕೂಡಲೇ ‘ಹೇಗೂ ಜಾಗ ಇದೆಯಲ್ಲ’ ಎಂದು ನೆಂಟರು, ನೆರೆಯವರು ಉಪ್ಪಿನಕಾಯಿ, ಮದ್ದು, ಮಸಾಲೆ ಹೊತ್ತು ಬರುತ್ತಾರೆ. ಬಿಚ್ಚಿ ನೋಡದ ಒಂದು ಪೊಟ್ಟಣವನ್ನೂ ಒಳಗಿಡಬೇಡಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಪೆಟ್ಟಿಗೆ ಕಟ್ಟುವ ಕೆಲಸ ಕಷ್ಟವಲ್ಲ. ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆ ಕೇಳಿದರೆ ಕೊಡುತ್ತಾರೆ. ಪೆಡಲ್ ಕಳಚುವಾಗ ನೆನಪಿಡಿ, ಎಡ ಪೆಡಲಿನ ತಿರುಪು ಉಲ್ಟಾ. ಮುಂಚಕ್ರ ತೆಗೆದು ಫೋರ್ಕಿನ ನಡುವೆ ಮರದ ತುಂಡು ಕೊಡಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ಸ್ವಲ್ಪ ಇಳಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಸ್ಟೌವಿನ ಗ್ಯಾಸ್ ವಿಮಾನಕ್ಕೆ ಹತ್ತುವುದಿಲ್ಲ. ಸೈಕಲಿನ ಅಳತೆ ತೂಕಕ್ಕೆ ಎಷ್ಟು ಶುಲ್ಕ ಎಂಬುದನ್ನು ಟಿಕೆಟಿಗೆ ಮೊದಲು ವಿಮಾನ ಸಂಸ್ಥೆಯಿಂದ ಬರಹದಲ್ಲೇ ತರಿಸಿಕೊಳ್ಳಿ, ಕೌಂಟರಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಬೆಲೆಬಾಳುವ ಸೈಕಲಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಬಿಲ್ಲು, ಚೌಕಟ್ಟಿನ ಸಂಖ್ಯೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿ, ಮರಳುವಾಗ ಸುಂಕದ ಪ್ರಶ್ನೆ ಏಳದು. ಕಾರು, ಬೈಕುಗಳಿಗೆ ಬೇಕಾಗುವ ಕಾರ್ನೆ ಪತ್ರ ಸೈಕಲಿಗೆ ಬೇಕಿಲ್ಲ.

ಆರೋಗ್ಯ ವಿಮೆ ಮಾಡಿಸುವಾಗ ಸೈಕಲ್ ಸವಾರಿ ಅದರಲ್ಲಿ ಸೇರಿದೆಯೇ ಎಂದು ಸಾಲು ಸಾಲಾಗಿ ಓದಿ. ಹಲವು ಪಾಲಿಸಿಗಳು ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ. ನಮ್ಮ ಹುಡುಗ ಕೊಲೆಸ್ಟರಾಲ್ ಮಾತ್ರೆಯ ವಿಷಯ ಬರೆಯಲು ಹಿಂಜರಿದ, ಪ್ರೀಮಿಯಂ ಏರುತ್ತದೆಂದು. ಬರೆಸಿದೆ. ಮುಚ್ಚಿಟ್ಟರೆ ಬೇಕಾದ ದಿನ ವಿಮೆಯೇ ಇರುವುದಿಲ್ಲ. ರಕ್ತದ ಗುಂಪು, ಮಾತ್ರೆಯ ಹೆಸರು, ಅಲರ್ಜಿ, ಎರಡು ಫೋನ್ ಸಂಖ್ಯೆಗಳನ್ನು ಇಂಗ್ಲಿಷ್ ಮತ್ತು ಅರಬಿಯಲ್ಲಿ ಬರೆದ ಚೀಟಿಯೊಂದನ್ನು ಪ್ಲಾಸ್ಟಿಕ್ ಹಾಕಿಸಿ ಕೊರಳಿಗೆ ಕಟ್ಟಿಕೊಳ್ಳಲು ಹೇಳಿದೆ. ಅರಬಿಯಲ್ಲಿ ಬರೆದುಕೊಟ್ಟವರು ಮದ್ರಸದ ಉಸ್ತಾದರು.

ಮೂರು ತಿಂಗಳ ನಂತರದ ರಕ್ತಪರೀಕ್ಷೆ ಮೊನ್ನೆ ಬಂತು, ಎಲ್‌ಡಿಎಲ್ 96. ಜನವರಿ ಎರಡನೆಯ ವಾರಕ್ಕೆ ಟಿಕೆಟ್ ಆಗಿದೆ. ತಾಯಿಯದು ಒಂದೇ ಷರತ್ತು: ದಿನವೂ ಮಗ್ರಿಬ್‌ಗೆ ಮೊದಲು ಸೈಕಲಿನಿಂದ ಇಳಿದು ಫೋನ್ ಮಾಡಬೇಕು. ಮಗ ಒಪ್ಪಿದ್ದಾನೆ. ನಾನು ತಾಯಿಗೆ ಬೇರೆಯಾಗಿ ಒಂದು ಮಾತು ಹೇಳಿದ್ದೇನೆ. ಮಸ್ಕತ್‌ನಲ್ಲಿ ಮಗ್ರಿಬ್ ನಮ್ಮ ಮಗ್ರಿಬ್‌ಗಿಂತ ಮುಕ್ಕಾಲು ಗಂಟೆಗೂ ಹೆಚ್ಚು ತಡ. ಇಲ್ಲಿ ಬಾಂಗ್ ಆದ ಕೂಡಲೇ ಗಾಬರಿಯಾಗಬೇಡಿ, ಅಲ್ಲಿ ಇನ್ನೂ ಬೆಳಕಿರುತ್ತದೆ.